ಅರಸೀಕೆರೆ, ಬೇಲೂರು, ಹಳೇಬೀಡುಗಳ ಕೆರೆಗಳೂ ಗ್ರಂಥಭಂಡಾರಗಳೂ

ಹಾಸನ ಜಿಲ್ಲೆಯ ಬೇಲೂರು, ಹಳೇಬೀಡು, ಅರಸೀಕೆರೆಗಳೆಂಬ ಮೂರು ಸ್ಥಳಗಳನ್ನು ಯಾತ್ರಿಕರು ದೇವಾಲಯಗಳ ದೆಸೆಯಿಂದ ಬಲ್ಲರು. ಬೇಲೂರಿನಲ್ಲಿ ವಿಷ್ಣುವರ್ಧನನು 1117 ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನೂ, ಹಳೇಬೀಡಿನಲ್ಲಿ ಹೊಯ್ಸಳೇಶ್ವರನೂ, ಅರಸೀಕೆರೆಯಲ್ಲಿ 1220 ರ ಸುಮಾರಿನ ಈಶ್ವರನೂ ಕನ್ನಡ ಶಿಲ್ಪಿಗಳ ಕೀರ್ತಿಯನ್ನು ಇಂದಿಗೂ ಸಾರುತ್ತಿರುವರು. ಬೇಲೂರು ಹಳೇಬೀಡುಗಳ ದೇವಾಲಯಗಳು 2023 ರಲ್ಲಿ ಸೋಮನಾಥಪುರದೊಡನೆ ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೂ ಸೇರಿದುವು. ಆದರೆ ಇಷ್ಟು ಕಲ್ಲನ್ನು ಕಡೆದ ಕೈಗಳಿಗೆ ಅನ್ನವನ್ನಿಕ್ಕಿದ ಗದ್ದೆಗಳು ಯಾವ ನೀರಿನಿಂದ ಬೆಳೆದುವು, ಆ ನೀರನ್ನು ಕಾಯ್ದವರು ಯಾರು, ಅದರ ಲೆಕ್ಕವನ್ನು ಬರೆದಿಟ್ಟವರು ಯಾರು ಎಂಬ ಪ್ರಶ್ನೆಗಳನ್ನು ಯಾತ್ರಿಕರು ಕೇಳುವುದು ವಿರಳ. ಅವುಗಳಿಗೆ ಉತ್ತರವಿಲ್ಲದೆ ಇಲ್ಲ. ಆ ಉತ್ತರವು ಒಂದೆಡೆ ಕಲ್ಲಿನಲ್ಲಿಯೂ, ಮತ್ತೊಂದೆಡೆ ತಾಡವೋಲೆಯಲ್ಲಿಯೂ, ಇನ್ನೊಂದೆಡೆ ಅಚ್ಚಾದ ಸಂಪುಟಗಳಲ್ಲಿಯೂ ಚದರಿಹೋಗಿರುವುದು. ಒಟ್ಟುಗೂಡಿಸಿ ಓದುವವರನ್ನು ಅದು ಬಹುಕಾಲದಿಂದ ಕಾದಿರುವುದು.

ಮೊದಲು ನೆಲದ ಇರವನ್ನು ನೋಡತಕ್ಕದ್ದು. ಬೇಲೂರು ಮಲೆನಾಡಿನ ಅಂಚಿನಲ್ಲಿರುವ ಊರು. ಬಾಬಾಬುಡನ್ ಗಿರಿಗಳಲ್ಲಿ ಹುಟ್ಟಿದ ಯಗಚಿಯು ಅದರ ಮಗ್ಗುಲಲ್ಲಿ ಹರಿದು ಮುಂದೆ ಗೊರೂರಿನ ಬಳಿ ಹೇಮಾವತಿಯನ್ನು ಕೂಡುವುದು. ಅರಸೀಕೆರೆಯಾದರೋ ಅಪ್ಪಟ ಬಯಲುಸೀಮೆ. ರಾಗಿ, ತೆಂಗು, ಕುರಿಮಂದೆಗಳ ನಾಡು. ಅಲ್ಲಿ ದೊಡ್ಡ ಹೊಳೆಯಿಲ್ಲ. ಬಿದ್ದ ಮಳೆಯನ್ನು ಏರಿ ಕಟ್ಟಿ ನಿಲ್ಲಿಸಿಕೊಂಡರೆ ಮಾತ್ರ ಬದುಕು. ಊರಿನ ಹೆಸರೇ ಇದಕ್ಕೆ ಸಾಕ್ಷಿ. ಶಾಸನಗಳಲ್ಲಿ ಅದು ಅರಸಿಯಕೆರೆ. ಅರಸಿಯೊಬ್ಬಳ ಕೆರೆಯಿಂದ ಊರಿಗೆ ಹೆಸರಾಯಿತು. ಹಳೇಬೀಡಿನ ಹಳೆಯ ಹೆಸರು ದೋರಸಮುದ್ರ. ರಾಜಧಾನಿಗೇ ಕೆರೆಯ ಹೆಸರು. ಅರಸೀಕೆರೆ ತಾಲ್ಲೂಕಿನ ಹಾರನಹಳ್ಳಿಯಲ್ಲಿ ಪ್ರಸಿದ್ಧವಾದ ಕೋಡಿಮಠವಿರುವುದು. ಕೋಡಿಯೆಂಬ ಮಾತೂ ಕೆರೆಯ ಮಾತೇ ಎಂಬುದನ್ನು ಆ ಸೀಮೆಯ ಒಕ್ಕಲಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಳೇಬೀಡಿನ ಇರವು ಇನ್ನೂ ವಿಶೇಷವಾದುದು. ಬೇಲೂರಿನ ಯಗಚಿಯ ನೀರು ಕಾವೇರಿಗೆ ಸೇರತಕ್ಕದ್ದು. ಹಳೇಬೀಡಿನ ಕೆರೆ ಕೋಡಿ ಬಿದ್ದರೆ ಆ ನೀರು ಬೆಳವಾಡಿಯ ಕಡೆಗಿಳಿದು ವೇದಾವತಿಯನ್ನು, ಅದರ ಮೂಲಕ ತುಂಗಭದ್ರೆಯನ್ನೂ ಕೃಷ್ಣೆಯನ್ನೂ ಸೇರುವುದು. ಯಗಚಿಗೆ ಒಡ್ಡು ಹಾಕಿ ಕಾಲುವೆಯಿಂದ ದೋರಸಮುದ್ರಕ್ಕೆ ನೀರು ತಂದಿದ್ದರೆಂಬುದು ಆ ನಾಡಿನಲ್ಲಿ ತಲೆತಲಾಂತರದಿಂದ ಬಂದ ಮಾತು. ಬೇಲೂರಿನ ಸಮೀಪದ ರಣಘಟ್ಟದ ಒಡ್ಡನ್ನು ಜನರು ಹೊಯ್ಸಳರ ಕಾಲದ್ದೆಂದೇ ಹೇಳುವರು. ಹಾಗಾದರೆ ಎಂಟುನೂರು ವರ್ಷಗಳಿಗೆ ಹಿಂದೆಯೇ ಕಾವೇರಿಯ ಸೀಮೆಯ ನೀರನ್ನು ಕೃಷ್ಣೆಯ ಸೀಮೆಗೆ ದಾಟಿಸುವ ಕೆಲಸ ಇಲ್ಲಿ ನಡೆದಿತ್ತೆಂದಾಯಿತು. ನೆಲದ ಓಟವನ್ನು ಅಷ್ಟು ನಿಖರವಾಗಿ ಅರಿತವರು ಯಾವ ಅಳತೆಯಿಂದ ಅರಿತರು? ಕಾಲುವೆಯ ಹೂಳನ್ನು ಯಾವ ಊರಿನವರು ಯಾವ ತಿಂಗಳಲ್ಲಿ ತೆಗೆಯುತ್ತಿದ್ದರು? ಮೇಲಿನೂರಿಗೂ ಕೆಳಗಿನೂರಿಗೂ ಜಗಳ ಬಂದಾಗ ತೀರ್ಮಾನವನ್ನು ಹೇಳುತ್ತಿದ್ದವರು ಯಾರು? ದೇವಾಲಯದ ಕಂಬಗಳನ್ನು ಎಣಿಸುವುದಕ್ಕಿಂತ ಈ ಪ್ರಶ್ನೆಗಳು ಕಡಮೆಯವಲ್ಲ.

ಶರಣ ಪರಂಪರೆಯವರಿಗೆ ಈ ವಿಚಾರವು ಪರಕೀಯವಲ್ಲ. ಸೊನ್ನಲಿಗೆಯ ಸಿದ್ಧರಾಮಯೋಗಿಗಳು ಕೆರೆಯನ್ನು ಕಟ್ಟಿಸಿದ ಕಾಯಕವನ್ನು ಅರಿಯದ ಭಕ್ತರಿಲ್ಲ; ರಾಘವಾಂಕನು ಅವರ ಚರಿತ್ರೆಯನ್ನೇ ಕಾವ್ಯವಾಗಿ ರಚಿಸಿದನು. ಆದರೆ ಬೇಲೂರಿಗೇ ಸೇರಿದ ಒಬ್ಬ ಶಿವಭಕ್ತನ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ. ಅವನೇ ಕೆರೆಯ ಪದ್ಮರಸ. ಹನ್ನೆರಡನೆಯ ಶತಮಾನದಲ್ಲಿ ಹೊಯ್ಸಳ ನರಸಿಂಹನ ಮಂತ್ರಿಯಾಗಿದ್ದವನು; ‘ದೀಕ್ಷಾಬೋಧೆ’ಯೆಂಬ ಗ್ರಂಥವನ್ನು ಬರೆದವನು; ರಾಜಸಭೆಯಲ್ಲಿ ಪರವಾದಿಯನ್ನು ವಾದದಲ್ಲಿ ಗೆದ್ದವನೆಂದು ಖ್ಯಾತನಾದವನು. ಆದರೂ ಲೋಕವು ಅವನನ್ನು ಕರೆದುದು ಮಂತ್ರಿಯೆಂದಲ್ಲ, ಕವಿಯೆಂದಲ್ಲ, ವಾದಿಯೆಂದಲ್ಲ. ಬೇಲೂರಿನಲ್ಲಿ ಕೆರೆಯನ್ನು ಕಟ್ಟಿಸಿದುದರಿಂದ ‘ಕೆರೆಯ’ ಎಂಬುದೇ ಅವನ ಬಿರುದಾಯಿತು. ಅವನ ವಂಶದವನಾದ ಪದ್ಮಣಾಂಕನು 1385 ರ ಸುಮಾರಿನಲ್ಲಿ ‘ಪದ್ಮರಾಜ ಪುರಾಣ’ವನ್ನು ಬರೆದು ಪೂರ್ವಜನ ಕಥೆಯನ್ನು ಉಳಿಸಿದನು. ಪದ್ಮರಸನ ಕಾಲಕ್ಕೂ ಈ ಪುರಾಣಕ್ಕೂ ನಡುವೆ ಇನ್ನೂರು ವರ್ಷಗಳಿಗೆ ಮಿಕ್ಕ ಅಂತರವಿರುವುದು.

ಆ ಅಂತರವು ಇತಿಹಾಸಕಾರನಿಗೆ ಒಂದು ಎಚ್ಚರಿಕೆಯಾಗಿರತಕ್ಕದ್ದು. ಪುರಾಣವು ಭಕ್ತಿಯಿಂದ ಬರೆದ ಗ್ರಂಥ, ಲೆಕ್ಕದ ಕಡತವಲ್ಲ. ಅದರಲ್ಲಿ ಬಂದ ಮಾತನ್ನೆಲ್ಲ ನಡೆದ ಸಂಗತಿಯೆಂದು ಹಿಡಿಯುವುದು ಎಷ್ಟು ತಪ್ಪೋ, ಪುರಾಣವೆಂಬ ಕಾರಣದಿಂದ ತಳ್ಳಿಹಾಕುವುದೂ ಅಷ್ಟೇ ತಪ್ಪು. ಒಬ್ಬ ಮನುಷ್ಯನ ಹೆಸರಿನ ಹಿಂದೆಯೇ ಕೆರೆಯು ಅಂಟಿಕೊಂಡು ಬಂದಿರುವಾಗ ಅದರ ಹಿಂದೆ ನೀರೂ ಮಣ್ಣೂ ಇದ್ದೇ ಇರಬೇಕು. ಇಂಥ ಕಡೆಯಲ್ಲಿ ಮಾಡಬೇಕಾದುದು ಒಂದೇ: ಓಲೆಯ ಮಾತನ್ನು ಕಲ್ಲಿನ ಮಾತಿನೊಡನೆಯೂ, ಅವೆರಡನ್ನೂ ಬೇಲೂರಿನ ಸುತ್ತಣ ಏರಿ ತೂಬುಗಳೊಡನೆಯೂ ಇಟ್ಟು ನೋಡುವುದು. ಮೂರೂ ಒಂದೇ ಕಡೆ ಸಿಕ್ಕುವುದಿಲ್ಲ. ಓಲೆ ಒಂದು ಭಂಡಾರದಲ್ಲಿ, ಶಾಸನದ ಪಾಠ ಮತ್ತೊಂದು ಕಪಾಟಿನಲ್ಲಿ, ಕೆರೆಯು ಬಯಲಿನಲ್ಲಿ. ಮಹಾಕವಿ ಹರಿಹರನೂ ಮೊದಲು ದೋರಸಮುದ್ರದಲ್ಲಿ ಕರಣಿಕನಾಗಿದ್ದು ಆಮೇಲೆ ಹಂಪೆಗೆ ನಡೆದನೆಂಬ ಐತಿಹ್ಯವಿದೆ. ಆ ಕರಣಿಕರು ಬರೆದ ಆಯವ್ಯಯದ ಲೆಕ್ಕಗಳು ಉಳಿದು ಬಂದಿದ್ದರೆ ಕೆರೆಗಳ ಚರಿತ್ರೆಯನ್ನು ಹೀಗೆ ತಡಕಾಡಬೇಕಾಗಿರಲಿಲ್ಲ.

ಕಲ್ಲಿನ ಮಾತು ಮಾತ್ರ ದೈವಯೋಗದಿಂದ ಸಮೃದ್ಧವಾಗಿ ಉಳಿದಿದೆ. ಮೈಸೂರು ಸಂಸ್ಥಾನದ ಪ್ರಾಚ್ಯವಸ್ತು ಸಂಶೋಧನೆಯನ್ನು ನಡಸಿದ ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಎಂಟುಸಾವಿರಕ್ಕೂ ಮಿಕ್ಕ ಶಾಸನಗಳನ್ನು ಅಚ್ಚು ಹಾಕಿಸಿದರು. ಅವುಗಳಲ್ಲಿ ಐದನೆಯದಾದ ಹಾಸನ ಜಿಲ್ಲೆಯ ಸಂಪುಟವು 1902 ರಲ್ಲಿ ಹೊರಬಂದಿತು. 1943 ರಲ್ಲಿ ಇದಕ್ಕೊಂದು ಪೂರಕ ಸಂಪುಟವು ಸೇರಿತು. ಬಳಿಕ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯವರು ಈ ಮಾಲೆಯನ್ನು ಪರಿಷ್ಕರಿಸಿ ಪ್ರಕಟಿಸುವಾಗ ಬೇಲೂರಿನ ಶಾಸನಗಳಿಗೆ ಒಂಬತ್ತನೆಯ ಸಂಪುಟವನ್ನೂ ಅರಸೀಕೆರೆಯವುಗಳಿಗೆ ಹತ್ತನೆಯ ಸಂಪುಟವನ್ನೂ ಮೀಸಲಿಟ್ಟರು. ಒಂದೊಂದು ತಾಲ್ಲೂಕಿಗೆ ಒಂದೊಂದು ಸಂಪುಟವೆಂದರೆ ಆ ನೆಲದ ಸಂಪತ್ತು ಎಷ್ಟೆಂಬುದನ್ನು ವಾಚಕರೇ ಊಹಿಸಬಹುದು.

ರಾಜರ ವಂಶಾವಳಿಗಾಗಿ ಈ ಶಾಸನಗಳನ್ನು ಓದಿದವರು ಬಹುಮಂದಿ. ಅರಸನ ಪ್ರಶಸ್ತಿಯು ಮುಗಿದು ದಾನದ ವಿವರವು ಆರಂಭವಾಗುವಲ್ಲಿ ಅನೇಕರು ಪುಟವನ್ನು ಮಗುಚುವರು. ನೆಲಜಲಗಳ ಚರಿತ್ರೆಯು ತೊಡಗುವುದು ಅಲ್ಲಿಂದಲೇ. ದಾನ ಕೊಟ್ಟ ಗದ್ದೆಯು ಯಾವ ಕೆರೆಯ ಕೆಳಗಿನದು, ಯಾವ ತೂಬಿನ ನೀರು ಅದಕ್ಕೆ ಬರುವುದು, ಎಷ್ಟು ಸಲಗೆ ಎಷ್ಟು ಕೊಳಗ ಬೀಜದ ಭೂಮಿ, ಅದಕ್ಕೆ ಮೂಡಲೇನು ತೆಂಕಲೇನು ಎಂದು ಎಲ್ಲೆಯನ್ನು ಹೇಳುವಾಗ ಆಲ, ಹುಣಿಸೆ, ಬಸರಿ ಮೊದಲಾದ ಮರಗಳೂ, ಮೊರಡಿ ಹಳ್ಳ ಹುತ್ತಗಳೂ ಸಾಲುಗೂಡಿ ಬರುವುವು. ಏಳೆಂಟುನೂರು ವರ್ಷಗಳ ಹಿಂದೆ ಯಾವ ಊರಿನ ಗಡಿಯಲ್ಲಿ ಯಾವ ಮರವಿತ್ತೆಂಬುದಕ್ಕೆ ಇದಕ್ಕಿಂತ ನಂಬಲರ್ಹವಾದ ಸಾಕ್ಷಿಯು ಯಾವ ದೇಶದಲ್ಲಿಯೂ ಸುಲಭವಾಗಿ ದೊರೆಯಲಾರದು. ಎಲ್ಲೆಯನ್ನು ಹೇಳುವಾಗ ಸುಳ್ಳು ಹೇಳಿದರೆ ನೆರೆಯವನು ಸುಮ್ಮನಿರುತ್ತಿರಲಿಲ್ಲವಷ್ಟೆ!

ಇನ್ನು ಕೆರೆಗಳ ಪಾಲನೆಗೆ ಹಿಂದಿನವರು ಮಾಡಿದ ಏರ್ಪಾಡು. ಕೆರೆಯನ್ನು ಕಟ್ಟಿಸುವುದು ಪುಣ್ಯಕಾರ್ಯವೆಂದು ಎಲ್ಲರೂ ಬಲ್ಲರು. ಕಟ್ಟಿದ ಕೆರೆಯನ್ನು ವರ್ಷವರ್ಷವೂ ಕಾಪಾಡುವುದು ಖರ್ಚಿನ ಮಾತೆಂಬುದನ್ನು ಅವರು ಮರೆಯಲಿಲ್ಲ. ಬಿತ್ತುವಟ್ಟವೆಂದು ಕೆರೆಯ ಕೆಳಗಣ ಭೂಮಿಯಲ್ಲಿಯೇ ಒಂದು ಭಾಗವನ್ನು ಕಟ್ಟಿಸಿದವನಿಗೂ ಕಾಯುವವನಿಗೂ ಬಿಡುವುದು. ದಶವಂದವೆಂದು ಹತ್ತರಲ್ಲೊಂದು ಪಾಲನ್ನು ಕೊಡುವುದು. ಹೂಳೆತ್ತುವ ಬಂಡಿಗಳಿಗೂ ಅವನ್ನೆಳೆಯುವ ಕೋಣಗಳಿಗೂ ಪ್ರತ್ಯೇಕವಾದ ಉತ್ಪತ್ತಿಯನ್ನು ಗೊತ್ತುಮಾಡುವುದು. ಇವೆಲ್ಲ ಕರ್ನಾಟಕದ ಶಾಸನಗಳಲ್ಲಿ ಕಂಡುಬರುವ ಪದ್ಧತಿಗಳು. ನೀರಿನಿಂದ ಬಂದ ಬೆಳೆಯಲ್ಲಿ ಒಂದಂಶವು ನೀರಿಗೇ ಹಿಂದಿರುಗುತ್ತಿದ್ದಿತು. ಆ ಅಂಶವು ಯಾವಾಗ ನಿಂತಿತೋ ಆಗ ಹೂಳು ತುಂಬತೊಡಗಿತು. ಈಗಿನ ಪಂಡಿತರು ಪರಿಸರದ ಸುಸ್ಥಿರತೆಯೆಂದು ಹೇಳುವ ವಿಚಾರವು ಇಲ್ಲಿ ಬೇರೆ ಹೆಸರಿನಿಂದ, ಜಮೀನಿನ ಸರ್ವೆ ನಂಬರಿನಷ್ಟು ಖಚಿತವಾಗಿ, ನಡೆದುಬಂದಿತ್ತು. ನೆರೆಯ ಆಂಧ್ರದ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿರುವ 1369 ರ ಶಾಸನವು ಇನ್ನೂ ಮುಂದೆ ಹೋಗಿ, ಉತ್ತಮವಾದ ಕೆರೆಗೆ ಬೇಕಾದ 12 ಅಂಗಗಳನ್ನೂ ಕೆರೆಗೆ ತಗಲಬಹುದಾದ 6 ದೋಷಗಳನ್ನೂ ಎಣಿಸುವುದು; ಸಾವಿರ ಮಂದಿ ಆಳುಗಳೂ ನೂರು ಬಂಡಿಗಳೂ ಎರಡು ವರ್ಷ ದುಡಿದ ಲೆಕ್ಕವನ್ನೂ ಕೊಡುವುದು.

ಶಾಸನಗಳ ಒಂದು ಕೊರತೆಯನ್ನೂ ಇಲ್ಲಿ ಹೇಳದಿರಲಾಗದು. ಕಟ್ಟಿಸಿದವನ ಹೆಸರು ಅಲ್ಲಿ ಉಂಟು. ಅಗೆದವನ ಹೆಸರು ಬಹುಮಟ್ಟಿಗೆ ಇಲ್ಲ. ಮಣ್ಣು ಹೊತ್ತ ಭೋವಿಗಳ ಬೆವರಿಗೆ ಕಲ್ಲಿನಲ್ಲಿ ಎಡೆ ದೊರೆಯಲಿಲ್ಲ. ಅವರ ಜನಾಂಗವು ಸಿದ್ಧರಾಮರನ್ನು ಗುರುವೆಂದು ಪೂಜಿಸುವುದರಲ್ಲಿಯೂ, ‘ಕೆರೆಗೆ ಹಾರ’ದಂತಹ ಜನಪದ ಗೀತಗಳಲ್ಲಿಯೂ ಆ ನೆನಪು ಮಿಡಿಯುತ್ತಿರುವುದು. ಕಲ್ಲನ್ನು ಮಾತ್ರ ಓದಿದವನು ಅರ್ಧ ಚರಿತ್ರೆಯನ್ನು ಓದಿದಂತಾಯಿತು.

ಗ್ರಂಥಭಂಡಾರದ ಒಂದು ಕಟ್ಟು ಓಲೆಯಿಂದ ನೆಲಜಲಗಳ ವಿಚಾರವು ಎಷ್ಟು ಬೆಳಗಬಹುದೆಂಬುದಕ್ಕೆ ಮೈಸೂರಿನಲ್ಲಿಯೇ ಒಂದು ದೃಷ್ಟಾಂತವಿದೆ. 1891 ರಲ್ಲಿ ಸ್ಥಾಪಿತವಾದ ಮೈಸೂರಿನ ಪ್ರಾಚ್ಯ ಪುಸ್ತಕಾಲಯಕ್ಕೆ ತಂಜಾವೂರಿನ ಕಡೆಯ ಪಂಡಿತರೊಬ್ಬರು ತಂದೊಪ್ಪಿಸಿದ ಓಲೆಗಳಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವಿದ್ದಿತು. ಅದನ್ನು 1905 ರಲ್ಲಿ ಗುರುತಿಸಿದವರು ಅಲ್ಲಿಯ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು, 1909 ರಲ್ಲಿ ಅದು ಅಚ್ಚಾಯಿತು. ರಾಜನೀತಿಯ ಗ್ರಂಥವೆಂದು ಲೋಕವೆಲ್ಲ ಅದನ್ನು ಕೊಂಡಾಡಿತು. ಅದರಲ್ಲಿ ಕೆರೆಯ ವಿಚಾರವೂ ಉಂಟು: ಹೊಸದಾಗಿ ಕೆರೆ ಕಟ್ಟೆಗಳನ್ನು ಕಟ್ಟಿದವರಿಗೆ 5 ವರ್ಷ, ಒಡೆದುಬಿಟ್ಟವನ್ನು ದುರಸ್ತಿ ಮಾಡಿದವರಿಗೆ 4 ವರ್ಷ, ಗಿಡಗಂಟಿ ಬೆಳೆದು ಮುಚ್ಚಿದವನ್ನು ತೆರವು ಮಾಡಿದವರಿಗೆ 3 ವರ್ಷ ಕಂದಾಯದ ಮಾಫಿ ಕೊಡತಕ್ಕದ್ದೆಂದು ಅಲ್ಲಿ ವಿಧಿಸಿದೆ. ಶಾಮಶಾಸ್ತ್ರಿಗಳಿಗೆ ಸಂಸ್ಥಾನದ ಸಂಬಳವಿದ್ದಿತು, ಕುಳಿತು ಓದಲು ಎಡೆಯಿದ್ದಿತು, ಓಲೆಯನ್ನು ಕಾದಿಟ್ಟ ಕಪಾಟು ಇದ್ದಿತು. ಈ ಮೂರರಲ್ಲಿ ಒಂದು ತಪ್ಪಿದ್ದರೂ ಆ ಕಟ್ಟು ಗೆದ್ದಲಿನ ಪಾಲಾಗಬಹುದಾಗಿತ್ತು.

ಸಂಶೋಧನವೇತನವೆಂಬುದರ ತಿರುಳು ಇಷ್ಟೇ. ಓದಬಲ್ಲವನೊಬ್ಬನಿಗೆ ವರ್ಷವೊಂದೆರಡು ಕಾಲ ಉದರಪೋಷಣೆಯ ಚಿಂತೆಯಿಲ್ಲದಂತೆ ಮಾಡಿ, ಇಂತಹ ಭಂಡಾರದಲ್ಲಿ ಕುಳಿತು ಇಂತಹ ವಿಷಯವನ್ನು ಶೋಧಿಸೆಂದು ಕಳುಹುವುದು. ದೆಹಲಿಯಲ್ಲಿ 1972 ರಲ್ಲಿ ಸ್ಥಾಪಿತವಾದ ಭಾರತೀಯ ಇತಿಹಾಸ ಅನುಸಂಧಾನ ಪರಿಷತ್ತು ಇತಿಹಾಸದ ವಿದ್ಯಾರ್ಥಿಗಳಿಗೆ ಇಂಥ ವೇತನಗಳನ್ನು ಕೊಡುವುದು. ಜರ್ಮನಿಯ ಮ್ಯೂನಿಕ್ ನಗರದಲ್ಲಿ 2009 ರಲ್ಲಿ ಅಲ್ಲಿಯ ವಿಶ್ವವಿದ್ಯಾನಿಲಯವೂ ಜರ್ಮನ್ ವಸ್ತುಸಂಗ್ರಹಾಲಯವೂ ಕೂಡಿ ಸ್ಥಾಪಿಸಿದ ರೇಚಲ್ ಕಾರ್ಸನ್ ಕೇಂದ್ರವು ಪರಿಸರ ಮತ್ತು ಸಮಾಜಗಳ ಅಧ್ಯಯನಕ್ಕೆಂದೇ ನಾನಾ ದೇಶದ ವಿದ್ವಾಂಸರನ್ನು ಕರೆದು ವೇತನವನ್ನಿತ್ತು ಕೂರಿಸಿಕೊಳ್ಳುವುದು. ಕನ್ನಡ ನಾಡಿನ ಕೆರೆಗಳನ್ನು ಕುರಿತು ಇಂತಹ ಓದು ನಡೆದೇ ಇಲ್ಲವೆಂದಲ್ಲ. ಜಿ. ಎಸ್. ದೀಕ್ಷಿತ್, ಜಿ. ಆರ್. ಕುಪ್ಪುಸ್ವಾಮಿ, ಎಸ್. ಕೆ. ಮೋಹನ್ ಈ ಮೂವರು ಶಾಸನಗಳನ್ನು ಆಧಾರವಾಗಿಟ್ಟು ಕರ್ನಾಟಕದ ಕೆರೆ ನೀರಾವರಿಯ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದು 1993 ರಲ್ಲಿ ಪ್ರಕಟಿಸಿದರು. ಅದು ನಾಡಿಗೆಲ್ಲ ಒಂದು ಹೆದ್ದಾರಿಯಾಯಿತು. ಅದರಿಂದ ಒಂದೊಂದು ಹೋಬಳಿಗೆ ಇಳಿಯುವ ಕಾಲುದಾರಿಗಳು ಇನ್ನೂ ಆಗಬೇಕಾಗಿವೆ.

ವೇತನವನ್ನಿತ್ತು ಓದಿಸುವ ಧರ್ಮವು ವೀರಶೈವ ಲಿಂಗಾಯತ ಸಮಾಜಕ್ಕೆ ಹೊರಗಿನಿಂದ ಬರಬೇಕಾದುದಲ್ಲ. ಶಿರಸಂಗಿಯ ಲಿಂಗರಾಜ ದೇಸಾಯಿಯವರು 1906 ರಲ್ಲಿ ಲಿಂಗೈಕ್ಯರಾಗುವ ಮುನ್ನ ತಮ್ಮ ಸಂಸ್ಥಾನದ ಆಸ್ತಿಯನ್ನು ಮಕ್ಕಳ ವಿದ್ಯೆಗಾಗಿ ಬರೆದಿಟ್ಟರು. ಆ ಉತ್ಪತ್ತಿಯಿಂದ ಓದಿ ಮೇಲೆ ಬಂದವರು ಅಸಂಖ್ಯರು. ಫ. ಗು. ಹಳಕಟ್ಟಿಯವರಿಗೆ ಯಾರ ವೇತನವೂ ಇರಲಿಲ್ಲ. ವಕೀಲರಾಗಿದ್ದ ಅವರು ಮನೆಮನೆಯ ಮಾಡದಲ್ಲಿದ್ದ ವಚನದ ಕಟ್ಟುಗಳನ್ನು ಹುಡುಕಿ ತಂದು, 1923 ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದು, ಮುಂದೆ ಮುದ್ರಣಾಲಯಕ್ಕಾಗಿ ಇದ್ದ ಮನೆಯನ್ನೂ ಮಾರಿದರು. ಅಂತಹ ತ್ಯಾಗವನ್ನು ಸ್ಮರಿಸುವುದು ಸರಿಯೇ. ಪ್ರತಿಯೊಬ್ಬ ವಿದ್ವಾಂಸನೂ ಮನೆಯನ್ನು ಮಾರಿಯೇ ಓದಬೇಕೆಂದು ಬಯಸುವುದು ನ್ಯಾಯವಲ್ಲ. ಗದುಗಿನ ತೋಂಟದಾರ್ಯ ಮಠದಲ್ಲಿ ಲಿಂಗೈಕ್ಯ ಡಾ॥ ಸಿದ್ಧಲಿಂಗ ಸ್ವಾಮಿಗಳವರು ಅಧ್ಯಯನ ಸಂಸ್ಥೆಯನ್ನು ಬೆಳಸಿ ನೂರಾರು ಗ್ರಂಥಗಳನ್ನು ಪ್ರಕಟಿಸಿದರು. ಅದೇ ಸ್ವಾಮಿಗಳವರು 2011 ರಲ್ಲಿ ಫಲವತ್ತಾದ ಭೂಮಿಯನ್ನು ಉಕ್ಕಿನ ಕಾರ್ಖಾನೆಗೆ ಕೊಡುವುದನ್ನು ಎದುರಿಸಿಯೂ, ಆಮೇಲೆ 2016-17 ರಲ್ಲಿ ಕಪ್ಪತಗುಡ್ಡದ ರಕ್ಷಣೆಗಾಗಿಯೂ ರೈತರ ಮುಂದೆ ನಿಂತರು. ಗ್ರಂಥದ ಕೆಲಸಕ್ಕೂ ಗುಡ್ಡದ ಕೆಲಸಕ್ಕೂ ಬೇರೆ ಬೇರೆ ಸ್ವಾಮಿಗಳು ಬೇಕಾಗಲಿಲ್ಲ.

ಬೇಲೂರು ಸೀಮೆಯಲ್ಲಿಯೂ ಈಚೆಗೆ ಇದೇ ಬಗೆಯ ಒಂದು ಪ್ರಸಂಗ ನಡೆಯಿತು. ಮಳೆ ತಪ್ಪಿದ ವರ್ಷಗಳಲ್ಲಿ ಹಳೇಬೀಡು, ಮಾದಿಹಳ್ಳಿ, ಜಾವಗಲ್ ಕಡೆಯ ಕೆರೆಗಳು ಬತ್ತಿ ತೆಂಗಿನ ಮರಗಳು ಸುಳಿಯೊಣಗಿದಾಗ, ರಣಘಟ್ಟದಿಂದ ಯಗಚಿಯ ನೀರನ್ನು ಮತ್ತೆ ದೋರಸಮುದ್ರಕ್ಕೆ ಹರಿಸಬೇಕೆಂದು ರೈತರು ಬಹುದಿನ ಹೋರಾಡಿದರು. ಹಳೇಬೀಡಿನ ಪುಷ್ಪಗಿರಿ ಮಹಾಸಂಸ್ಥಾನದ ಸ್ವಾಮಿಗಳವರೂ ಅವರೊಡನೆ ನಿಂತರು. ಜನರು ಬೇಡಿದುದು ಹೊಸದೊಂದನ್ನಲ್ಲ. ಪೂರ್ವಿಕರು ಮಾಡಿದ್ದರೆಂದು ತಾವು ಕೇಳಿಬಲ್ಲುದನ್ನೇ. ಆ ಹಳೆಯ ಕಾಲುವೆಯ ಜಾಡು, ಅದರ ಪಾಲನೆಯ ಕಟ್ಟಳೆ, ಯಾವ ಊರಿಗೆ ಎಷ್ಟು ಪಾಲೆಂಬ ವಿವರ ಇವನ್ನು ದಾಖಲೆಗಳಿಂದ ತೆಗೆದು ಮುಂದಿಡಬಲ್ಲ ಒಂದು ಗ್ರಂಥವು ಅವರ ಕೈಯಲ್ಲಿದ್ದಿದ್ದರೆ ವಾದಕ್ಕೆ ಎಷ್ಟು ಬಲ ಬರುತ್ತಿತ್ತು! 2024 ರ ಸೆಪ್ಟೆಂಬರಿನಲ್ಲಿ ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ ಸಕಲೇಶಪುರದ ಕಡೆ ಚಾಲನೆ ದೊರೆತು, ಘಟ್ಟದ ನೀರನ್ನು ವೇದಾವತಿಯ ಕಣಿವೆಯ ಕಡೆಗೆ ಬಿಡಲಾಯಿತು. ಘಟ್ಟದ ಕಾಡಿಗೆ ಇದರಿಂದ ಆಗುವ ಕೇಡಿನ ಮಾತೂ, ಬಯಲುಸೀಮೆಯ ಬಾಯಾರಿಕೆಯ ಮಾತೂ ಎರಡೂ ಕಡೆಯಿಂದ ಬಲವಾಗಿ ಕೇಳಿಬಂದಿವೆ. ಹೊಳೆಯನ್ನು ಒಂದು ಸೀಮೆಯಿಂದ ಮತ್ತೊಂದಕ್ಕೆ ತಿರುಗಿಸುವ ಈ ಪ್ರಶ್ನೆಯನ್ನು ಹೊಯ್ಸಳರ ಕಾಲದವರು ಸಣ್ಣ ಪ್ರಮಾಣದಲ್ಲಿ ಎದುರಿಸಿದ್ದರೆಂಬುದನ್ನು ನೆನೆದವರು ಮಾತ್ರ ಕಡಮೆ.

ಆದುದರಿಂದ ಈ ಸೀಮೆಯ ಕೆರೆಗಳಿಗಾಗಿ ಒಬ್ಬ ವಿದ್ಯಾರ್ಥಿಗೆ ವೇತನವನ್ನು ಕೊಡುವುದಾದರೆ ಅವನ ಕೆಲಸವು ಹೀಗಿರಬಹುದು. ಮೊದಲ ಕೆಲವು ತಿಂಗಳು ಮೈಸೂರಿನಲ್ಲಿ ಕುಳಿತು ಬೇಲೂರು ಅರಸೀಕೆರೆಗಳ ಸಂಪುಟಗಳಿಂದ ಕೆರೆ, ತೂಬು, ಏರಿ, ಮರ, ಎಲ್ಲೆಗಳ ಪ್ರತಿಯೊಂದು ಉಲ್ಲೇಖವನ್ನೂ ಊರು ಊರಾಗಿ ಎತ್ತಿ ಬರೆಯುವುದು. ಬಳಿಕ ಪದ್ಮರಾಜ ಪುರಾಣವನ್ನೂ ಅದರ ಓಲೆಪ್ರತಿಗಳನ್ನೂ ಹೋಲಿಸಿ, ಕೆರೆಯ ಪ್ರಸಂಗದಲ್ಲಿ ಬರುವ ಸ್ಥಳನಾಮಗಳನ್ನು ಗುರುತು ಹಾಕುವುದು. ಮಠಗಳಲ್ಲಿಯೂ ಶ್ಯಾನುಭೋಗರ ಮನೆತನಗಳಲ್ಲಿಯೂ ಉಳಿದಿರಬಹುದಾದ ಕಡತಗಳನ್ನು, ಅವು ಎಷ್ಟು ಅಲ್ಪವೆಂದು ಕಂಡರೂ, ಛಾಯಾಪ್ರತಿ ತೆಗೆದಿಡುವುದು. ಕಂದಾಯದ ಲೆಕ್ಕವೆಂದು ಬಿಸುಟ ಹಾಳೆಯಲ್ಲಿಯೇ ನೀರಿನ ಸರದಿಯು ಬರೆದಿರುವುದುಂಟು. ಕಡೆಯಲ್ಲಿ ಆ ಪಟ್ಟಿಯನ್ನು ಕೈಯಲ್ಲಿ ಹಿಡಿದು, ಊರಿನ ಮುದುಕರನ್ನೂ ನೀರಗಂಟಿಗಳ ಮನೆತನದವರನ್ನೂ ಕೂಡಿಕೊಂಡು ಕೆರೆಯ ಏರಿಯ ಮೇಲೆ ನಡೆಯುವುದು. ಇದಕ್ಕೆ ಚೈತ್ರ ವೈಶಾಖಗಳೇ ತಕ್ಕ ಕಾಲ. ಮುಂಗಾರು ಬೀಳುವುದಕ್ಕೆ ಮೊದಲು ನೀರು ತಳಕ್ಕಿಳಿದಿರುವಾಗ ತೂಬಿನ ಕಲ್ಲುಕಂಬಗಳು ಬುಡದವರೆಗೆ ಕಾಣುವುವು, ಅವುಗಳ ಮೇಲೆ ಅಕ್ಷರಗಳಿದ್ದರೆ ಕೆಸರನ್ನು ತೊಳೆದು ಓದುವುದಕ್ಕೆ ಮೂರು ನಾಲ್ಕು ವಾರಗಳ ಅವಕಾಶವಿರುವುದು.